ಹಳೆಯ ಬಿ450 ಬೋರ್ಡಿಗೆ ರೈಜನ್ 5 5600: ಚಿಪ್ ಬಗ್ಗೆ ತಕರಾರಿಲ್ಲ, ಕೂರಿಸಿದ ಮೇಲಿನ ಮೊದಲ ಗಂಟೆಯದ್ದೇ ರಗಳೆ

ಎಎಂಡಿಯ ರೈಜನ್ 5 5600 ಮಾರುಕಟ್ಟೆಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ. ಪ್ರಾಸೆಸರ್‌ಗಳ ಲೆಕ್ಕದಲ್ಲಿ ಇದಕ್ಕೆ ಆಗಲೇ ನರೆಗೂದಲು ಬಂದಿದೆ. ಆದರೂ 2018-19ರ ಸುಮಾರಿಗೆ ಎಎಂ4 ಸಾಕೆಟ್‌ನ ಬಿ450 ಮದರ್‌ಬೋರ್ಡಿನ ಮೇಲೆ ರೈಜನ್ 5 1600, 2600 ಅಥವಾ ರೈಜನ್ 3 2200ಜಿ ಹಾಕಿಸಿಕೊಂಡು ಇವತ್ತಿಗೂ ಅದರಲ್ಲೇ ದಿನ ದೂಡುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಕಾಣುವುದಿಲ್ಲ. ಬೋರ್ಡ್, ಡಿಡಿಆರ್4 ರ‍್ಯಾಮ್, ಕ್ಯಾಬಿನೆಟ್, ಪವರ್ ಸಪ್ಲೈ ಎಲ್ಲ ಹಾಗೇ ಉಳಿಯುತ್ತವೆ, ಬದಲಾಗುವುದು ಒಂದೇ ಚಿಪ್. ಎಎಂಡಿಯ ಹೊಸ ಸಾಕೆಟ್ ಆದ ಎಎಂ5ಕ್ಕೆ ಹೋದರೆ ಬೋರ್ಡೂ ಹೊಸದು, ಡಿಡಿಆರ್5 ರ‍್ಯಾಮೂ ಹೊಸದು. ಇನ್ನೊಂದು ಮಾತು: ರೈಜನ್ 1600 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. 1600 ಇಟ್ಟುಕೊಂಡವರಿಗೆ ಇದೊಂದೇ ಕಾರಣ ಸಾಕು.

ಚಿಪ್ ಒಳ್ಳೆಯದು ಅಂತ ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಹಳೆಯ ಬೋರ್ಡಿಗೆ ಇದನ್ನು ಕೂರಿಸಿ ಪವರ್ ಬಟನ್ ಒತ್ತಿದಾಗ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ತಕ್ಷಣ ಬಾಯಿಗೆ ಬರುವ ಮಾತು "ಚಿಪ್ಪೇ ಡೆಡ್". ಆದರೆ ಆ ಹೊತ್ತಿಗೆ ಚಿಪ್ ನಿಜವಾಗಿ ಸತ್ತಿರುವುದು ತೀರಾ ಅಪರೂಪ. ಬಯಾಸ್ (ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶ), ರ‍್ಯಾಮ್, ಡಿಸ್‌ಪ್ಲೇ ಕೇಬಲ್, ಬಾಗಿದ ಪಿನ್, ಈ ನಾಲ್ಕರಲ್ಲೊಂದು ಕಾರಣವಾಗಿರುತ್ತದೆ. ಹಾಗಾಗಿ ಈ ವಿಮರ್ಶೆಯಲ್ಲಿ ಚಿಪ್ಪಿನ ವೇಗಕ್ಕಿಂತ ಅದನ್ನು ಎಬ್ಬಿಸುವ ಕೆಲಸಕ್ಕೇ ಹೆಚ್ಚು ಜಾಗ ಹೋಗಿದೆ.

ಮೊದಲು ಚಿಪ್ಪಿನ ವಿಚಾರ. 6 ಕೋರ್, 12 ಥ್ರೆಡ್, 3.5 ಗಿಗಾಹರ್ಟ್ಸ್‌ನಿಂದ 4.4ರವರೆಗೆ ಓಟ, 32 ಎಂಬಿ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ಚುರುಕು ಮೆಮೊರಿ). 2600ದಲ್ಲೂ ಕೋರ್ ಆರೇ. ಆದರೆ ಅಲ್ಲಿ ಅವು ಮೂರು ಮೂರರ ಎರಡು ಗುಂಪು, ಒಂದೊಂದಕ್ಕೆ 8 ಎಂಬಿ ಕ್ಯಾಶ್. ಒಂದು ಗುಂಪಿನ ಕೋರ್‌ಗೆ ಪಕ್ಕದ ಗುಂಪಿನಲ್ಲಿರುವ ಮಾಹಿತಿ ಬೇಕಾದರೆ ಊರು ಸುತ್ತಿ ಬರಬೇಕು. 5600ದಲ್ಲಿ ಆರೂ ಕೋರ್ ಒಂದೇ ಪಡಸಾಲೆಯಲ್ಲಿ ಕೂತಿವೆ, ಪೂರಾ 32 ಎಂಬಿ ಎಲ್ಲರದು. ಗೇಮ್ ಆಡುವಾಗ ಆಗಾಗ ಬರುವ ಸಣ್ಣ ಜರ್ಕ್ ಕಡಿಮೆಯಾಗುವುದಕ್ಕೆ ಗಡಿಯಾರದ ವೇಗಕ್ಕಿಂತ ಇದೇ ಮುಖ್ಯ ಕಾರಣ. ಹೆಸರು ಒಂದೇ ಥರ ಇದೆಯೆಂದು 5500 ತಂದುಬಿಡಬೇಡಿ. ಅದರಲ್ಲಿ ಕ್ಯಾಶ್ 16 ಎಂಬಿ ಮಾತ್ರ, ಬೆಲೆಯ ವ್ಯತ್ಯಾಸ ತೀರಾ ದೊಡ್ಡದಿಲ್ಲದಿದ್ದರೆ ಅದು ಬೇಡ. 5600ಎಕ್ಸ್‌ಗೆ ಹೆಚ್ಚು ಕೊಡುವುದೂ ದಂಡ, ಸಿಗುವುದು 200 ಮೆಗಾಹರ್ಟ್ಸ್ ಅಷ್ಟೇ. 96 ಎಂಬಿ ಕ್ಯಾಶ್‌ನ 5700ಎಕ್ಸ್3ಡಿ ಗೇಮಿಂಗ್‌ನಲ್ಲಿ ನಿಜಕ್ಕೂ ಮೇಲಿನ ದರ್ಜೆ. ಆದರೆ ಅದರ ಡಬ್ಬಿಯಲ್ಲಿ ಕೂಲರ್ ಇರುವುದಿಲ್ಲ, ಹೊಸದು ಸಿಗುವುದೂ ಈಗ ಕಷ್ಟ.

ಕೊಳ್ಳುವ ಮುನ್ನ ಒಂದು ಪರೀಕ್ಷೆ. ನೀವು ಆಡುವ ಗೇಮ್ ಹಾಕಿ, ಗ್ರಾಫಿಕ್ಸ್ ಕಾರ್ಡ್ ಎಷ್ಟು ಶೇಕಡ ಕೆಲಸ ಮಾಡುತ್ತಿದೆ ನೋಡಿ. ಸದಾ 97-99ರಲ್ಲಿದ್ದರೆ ಏದುಸಿರು ಬಿಡುತ್ತಿರುವುದು ಕಾರ್ಡು, ಪ್ರಾಸೆಸರ್ ಅಲ್ಲ. ಜಿಟಿಎಕ್ಸ್ 1650 ಇಟ್ಟುಕೊಂಡು 5600 ಹಾಕಿ "ಏನೂ ವ್ಯತ್ಯಾಸವೇ ಇಲ್ಲ" ಎಂದರೆ ಅದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಲೆಕ್ಕ. ಕಾರ್ಡ್ 60-70ರಲ್ಲಿ ಆಲಸಿಯಾಗಿ ಕೂತಿದ್ದು ಫ್ರೇಮ್ ಬೀಳುತ್ತಿದ್ದರೆ ಮಾತ್ರ ಈ ಚಿಪ್ಪಿಗೆ ಕೊಟ್ಟ ದುಡ್ಡು ದಕ್ಕುತ್ತದೆ.

ಪಟ್ಟಿಯಲ್ಲಿ ಕಾಣದ ಒಂದು ದೊಡ್ಡ ಹಳ್ಳ ಇದೆ: 5600ದಲ್ಲಿ ಒಳಗಿನ ಗ್ರಾಫಿಕ್ಸ್ ಇಲ್ಲ. 2200ಜಿ, 3200ಜಿ, 3400ಜಿ ಇದ್ದವರ ಮಾನಿಟರ್ ಕೇಬಲ್ ಬೋರ್ಡಿನ ಎಚ್‌ಡಿಎಂಐಗೇ ಸಿಕ್ಕಿಕೊಂಡಿರುತ್ತದೆ. ಚಿಪ್ ಬದಲಾದ ಕ್ಷಣದಿಂದ ಆ ಕಿಂಡಿಗೆ ಜೀವವಿಲ್ಲ. ಬೇರೆ ಕಾರ್ಡ್ ಇದ್ದರೆ ಕೇಬಲನ್ನು ಅದಕ್ಕೆ ಹಾಕಿ. ಕಾರ್ಡೇ ಇಲ್ಲದವರು 5600ಜಿ ಅಥವಾ 5600ಜಿಟಿ ನೋಡಬೇಕು, ಅವುಗಳಲ್ಲಿ ಕ್ಯಾಶ್ 16 ಎಂಬಿಗೆ ಇಳಿಯುತ್ತದೆ ಎನ್ನುವುದನ್ನು ಒಪ್ಪಿಕೊಂಡೇ.

ಬಯಾಸ್: ಹಳೆಯ ಚಿಪ್ ತೆಗೆಯುವ ಮೊದಲೇ

ಬಿ450 ಬೋರ್ಡುಗಳು ಬಂದದ್ದು 2018ರ ಜುಲೈ ಕೊನೆಗೆ. ರೈಜನ್ 5000 ಸರಣಿ ಹುಟ್ಟಿದ್ದು 2020ರ ನವೆಂಬರ್‌ನಲ್ಲಿ. ಮಧ್ಯದಲ್ಲಿ ಎಂದೂ ಬಯಾಸ್ ಬದಲಿಸದ ಬೋರ್ಡಿಗೆ 5600 ಯಾರೆಂದೇ ಗೊತ್ತಿರುವುದಿಲ್ಲ. ಆದ್ದರಿಂದ ಹಳೆಯ ಚಿಪ್ ಕೂತಿರುವಾಗಲೇ ಬಯಾಸ್ ಹಾಕಿ, ಅದೇ ಚಿಪ್ಪಿನಲ್ಲಿ ಒಂದು ಸಲ ವಿಂಡೋಸ್‌ವರೆಗೆ ಹೋಗಿ ಬನ್ನಿ, ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿ. ಇದನ್ನು ಸುಮ್ಮನೆ ಹೇಳುತ್ತಿಲ್ಲ. ಹೊಸ ಬಯಾಸ್ ಮೇಲೆ ಹಳೆಯ ಚಿಪ್ ಓಡಿತು ಎಂದರೆ ಬೋರ್ಡ್, ರ‍್ಯಾಮ್, ಪವರ್ ಎಲ್ಲ ಸರಿ ಇವೆ ಅಂತಾಯಿತು. ಮುಂದೆ ತೊಂದರೆ ಬಂದರೆ ಅದು ಕೂರಿಸಿದ್ದರಲ್ಲೇ ಇದೆ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಕೆಟ್ಟಿತು ಎಂದು ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತದೆ.

ಬೋರ್ಡಿನ ಪೂರ್ತಿ ಹೆಸರು ಮುಖ್ಯ, ಪೆಟ್ಟಿಗೆಯ ಮೇಲಿರುವುದಲ್ಲ, ಬೋರ್ಡಿನ ಮೇಲೇ ಅಚ್ಚಾಗಿರುವುದು. ಎಂಎಸ್ಐನ ಬಿ450 ಟೊಮಾಹಾಕ್ ಬೇರೆ, ಬಿ450 ಟೊಮಾಹಾಕ್ ಮ್ಯಾಕ್ಸ್ ಬೇರೆ. ಮೊದಲನೆಯದರಲ್ಲಿ ಬಯಾಸ್ ಚಿಪ್ಪಿನ ಜಾಗ 16 ಎಂಬಿ, ಮ್ಯಾಕ್ಸ್‌ನಲ್ಲಿ 32. ಒಂದರ ಕಡತ ಇನ್ನೊಂದಕ್ಕೆ ಆಗುವುದಿಲ್ಲ. 16 ಎಂಬಿ ಬೋರ್ಡುಗಳಲ್ಲಿ ಹೊಸ ಚಿಪ್‌ಗಳಿಗೆ ಜಾಗ ಮಾಡಲು ಕಂಪನಿಗಳು ತೀರಾ ಹಳೆಯ ಚಿಪ್‌ಗಳ ಬೆಂಬಲ ಕಿತ್ತುಹಾಕಿವೆ, ಬಯಾಸ್ ಪರದೆಯ ಬಣ್ಣ ಬೆಡಗನ್ನೂ ಇಳಿಸಿವೆ. ಅಪ್‌ಡೇಟ್ ಆದಮೇಲೆ ಪರದೆ ಬೋಳುಬೋಳಾಗಿ ಕಂಡರೆ ಗಾಬರಿ ಬೇಡ. ಗಿಗಾಬೈಟ್‌ನ ಬಿ450ಗಳಲ್ಲಿ ಎಫ್40 ಮತ್ತು ಅದರ ಮುಂದಿನ ಬಯಾಸ್‌ಗೆ ಹೋಗುವ ಮೊದಲು ಇಸಿ ಫರ್ಮ್‌ವೇರ್ ಅಪ್‌ಡೇಟ್ ಎಂಬ ಸಣ್ಣ ಉಪಕರಣ ಓಡಿಸಬೇಕು, ಇದನ್ನು ಡೌನ್‌ಲೋಡ್ ಪುಟದಲ್ಲೇ ಬರೆದಿರುತ್ತಾರೆ. ಅಸ್‌ರಾಕ್‌ನ ಕೆಲವು ಬೋರ್ಡುಗಳ ಪುಟದಲ್ಲಿ ಹಳೆಯ ಪೀಳಿಗೆಯ ಚಿಪ್ ಬಳಸುತ್ತಿದ್ದರೆ ಹೊಸ ಬಯಾಸ್ ಹಾಕಬೇಡಿ ಎಂಬ ಎಚ್ಚರಿಕೆ ಇದೆ. ಆ ಬೋರ್ಡ್ ನಿಮ್ಮದಾದರೆ ಮೇಲೆ ಹೇಳಿದ "ಹಳೆಯ ಚಿಪ್ಪಿನಲ್ಲಿ ವಿಂಡೋಸ್‌ವರೆಗೆ" ಎಂಬ ಹಂತ ನಡೆಯದೇ ಇರಬಹುದು. ಪುಟದ ಟಿಪ್ಪಣಿಯನ್ನು ಒಂದಕ್ಷರ ಬಿಡದೆ ಓದಿ.

ಅಜೆಸಾ (ಎಎಂಡಿ ಬೋರ್ಡ್ ಕಂಪನಿಗಳಿಗೆ ಕೊಡುವ, ಬಯಾಸ್‌ನ ತಿರುಳು ಭಾಗ) 1.2.0.7 ಅಥವಾ ಅದಕ್ಕಿಂತ ಹೊಸದಿರುವ, ಬೀಟಾ ಅಲ್ಲದ ಬಯಾಸ್ ಆರಿಸಿಕೊಳ್ಳಿ. ಗುಪ್ತ ಕೀಲಿಗಳನ್ನು ಕಾಯುವ, ಚಿಪ್ಪಿನೊಳಗಿನ ಭದ್ರತಾ ವ್ಯವಸ್ಥೆಯಾದ ಎಫ್‌ಟಿಪಿಎಂನಿಂದಾಗಿ ನಡುನಡುವೆ ಇಡೀ ಯಂತ್ರ ಒಂದೆರಡು ಸೆಕೆಂಡ್ ತಡವರಿಸುವ, ಸದ್ದು ಕೀರಲಾಗುವ ಕಾಟವನ್ನು ಎಎಂಡಿ 2022ರಲ್ಲಿ ಒಪ್ಪಿಕೊಂಡು ಸರಿಪಡಿಸಿದ್ದು ಈ ಆವೃತ್ತಿಯಲ್ಲೇ.

ಪೆನ್‌ಡ್ರೈವ್ ಎಫ್‌ಎಟಿ32ಗೆ ಫಾರ್ಮ್ಯಾಟ್ ಆಗಿರಬೇಕು, 16 ಜಿಬಿ ಅಥವಾ ಅದಕ್ಕಿಂತ ಚಿಕ್ಕದಾದರೆ ಲೇಸು. ಜಿಪ್ ಕಡತವನ್ನು ಬಿಚ್ಚಿ ಒಳಗಿನ ಬಯಾಸ್ ಕಡತವನ್ನಷ್ಟೇ ಹಾಕಿ. ವಿಂಡೋಸ್ ಒಳಗಿನ ಅಪ್‌ಡೇಟ್ ತಂತ್ರಾಂಶ ಬೇಡ. ಬಯಾಸ್ ಒಳಗೇ ಇರುವ ಎಂ-ಫ್ಲ್ಯಾಶ್, ಕ್ಯೂ-ಫ್ಲ್ಯಾಶ್, ಈಝಡ್ ಫ್ಲ್ಯಾಶ್ ಅಥವಾ ಇನ್‌ಸ್ಟಂಟ್ ಫ್ಲ್ಯಾಶ್ ಬಳಸಿ, ಕಂಪನಿಗೊಂದು ಹೆಸರು, ಕೆಲಸ ಒಂದೇ. ಐದು ನಿಮಿಷದ ಕೆಲಸ, ಆದರೆ ಆ ಐದು ನಿಮಿಷ ಕರೆಂಟ್ ಹೋಗಬಾರದು. ಮನೆಯ ಇನ್ವರ್ಟರ್ ಇದೆಯೆಂದು ಧೈರ್ಯ ತಾಳಬೇಡಿ. ಕರೆಂಟಿನಿಂದ ಬ್ಯಾಟರಿಗೆ ಬದಲಾಗುವ ಆ ರೆಪ್ಪೆ ಮಿಟುಕಿನಲ್ಲಿ ಎಷ್ಟೋ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತವೆ. ಕಂಪ್ಯೂಟರ್‌ಗೆಂದೇ ಇರುವ ಯುಪಿಎಸ್ ಇದ್ದರೆ ನಿಶ್ಚಿಂತೆ. ಇಲ್ಲವಾದರೆ ಲೋಡ್‌ಶೆಡ್ಡಿಂಗ್ ಇಲ್ಲದ ಹೊತ್ತು, ಗುಡುಗು ಸಿಡಿಲಿಲ್ಲದ ದಿನ ನೋಡಿಕೊಳ್ಳಿ. ಮತ್ತೆ, ಫ್ಲ್ಯಾಶ್ ಮಾಡುವ ಮೊದಲು ಬಯಾಸ್‌ನ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಅಪ್‌ಡೇಟ್ ಆದೊಡನೆ ಎಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಆ ಫೋಟೋ ಎಷ್ಟು ಉಪಯೋಗಕ್ಕೆ ಬರುತ್ತದೆ ಎನ್ನುವುದು ಕೆಳಗೆ ಗೊತ್ತಾಗುತ್ತದೆ.

ಇನ್ನೊಂದು ಪೂರ್ವಸಿದ್ಧತೆ ಬಿಟ್‌ಲಾಕರ್, ಅಂದರೆ ಡ್ರೈವಿಗೆ ವಿಂಡೋಸ್ ಹಾಕುವ ಬೀಗ. ಡ್ರೈವ್ ಎನ್‌ಕ್ರಿಪ್ಟ್ ಆಗಿದ್ದರೆ ಅದನ್ನು ಸಸ್ಪೆಂಡ್ ಮಾಡಿ, 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ನಾನು ಹಾಕಿಯೇ ಇಲ್ಲ ಎನ್ನುವವರೂ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ನೋಡಿ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದಿದ್ದರೆ ಅದು ತಾನಾಗಿ ಚಾಲೂ ಆಗಿರಬಹುದು.

ಬಿಚ್ಚುವಾಗ

ಎಎಂ4 ಚಿಪ್ಪಿನ ಹೊಟ್ಟೆಯಡಿ 1331 ಪಿನ್‌ಗಳಿವೆ, ಎಲ್ಲವೂ ಚಿಪ್ಪಿನ ಮೇಲೆ, ಸಾಕೆಟ್‌ನಲ್ಲಿರುವುದು ಬರೀ ರಂಧ್ರ. ಸಾಕೆಟ್‌ನ ಸನ್ನೆ (ಲಿವರ್) ಹಿಡಿದುಕೊಳ್ಳುವುದು ಆ ಪಿನ್‌ಗಳನ್ನಷ್ಟೇ, ಮೇಲಿಂದ ಅದುಮುವ ಚೌಕಟ್ಟಿಲ್ಲ. ಐದಾರು ವರ್ಷದ ಹಳೆಯ ಥರ್ಮಲ್ ಪೇಸ್ಟ್ ಒಣಗಿ ಗೋಂದಿನಂತಾಗಿರುತ್ತದೆ. ಕೂಲರನ್ನು ನೆಟ್ಟಗೆ ಮೇಲಕ್ಕೆಳೆದರೆ ಸನ್ನೆ ಮುಚ್ಚಿದ್ದಾಗಲೇ ಚಿಪ್ ಕಿತ್ತುಕೊಂಡು ಕೂಲರ್ ಜೊತೆಗೇ ಬರುತ್ತದೆ. ಪಿನ್ ಬಾಗುವುದು ಹೀಗೆಯೇ. ಆದ್ದರಿಂದ ಹತ್ತು ಹದಿನೈದು ನಿಮಿಷ ಭಾರದ ಗೇಮ್ ಅಥವಾ ಚಿಪ್ಪಿನ ವೇಗ ಅಳೆಯುವ ಸಿನೆಬೆಂಚ್ ತಂತ್ರಾಂಶ ಓಡಿಸಿ, ಶಟ್‌ಡೌನ್ ಮಾಡಿ, ವೈರ್ ಕಿತ್ತು, ಬಿಸಿ ಆರುವ ಮೊದಲೇ ಸ್ಕ್ರೂ ಬಿಚ್ಚಿ. ಕೂಲರನ್ನು ಡಬ್ಬಿಯ ಮುಚ್ಚಳ ತಿರುಗಿಸುವಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುವಿ. ಹಿಡಿತ ಸಡಿಲವಾದದ್ದು ಕೈಗೇ ತಿಳಿಯುತ್ತದೆ, ಆಗ ಎತ್ತಿ.

2600ರ ಜೊತೆ ಬಂದ ರೇತ್ ಸ್ಟೆಲ್ತ್ ಕೂಲರ್‌ನ ನಾಲ್ಕು ಸ್ಕ್ರೂ ನೇರವಾಗಿ ಬೋರ್ಡಿನ ಹಿಂದಿನ ಲೋಹದ ಪ್ಲೇಟಿಗೆ ಹೋಗುತ್ತವೆ. ನಾಲ್ಕೂ ಬಿಚ್ಚಿದಾಗ ಆ ಪ್ಲೇಟ್ ಹಿಂದಿನಿಂದ ಕಳಚಿ ಕ್ಯಾಬಿನೆಟ್ಟಿನೊಳಗೆ ಬೀಳಬಹುದು. ಕ್ಯಾಬಿನೆಟ್ಟನ್ನು ಮಲಗಿಸಿಯೇ ಕೆಲಸ ಮಾಡಿ, ಒಂದು ಕೈ ಹಿಂದೆ ಇರಲಿ. 5600ರ ಡಬ್ಬಿಯಲ್ಲೂ ಅದೇ ಸ್ಟೆಲ್ತ್ ಇದೆ, ಅದರ ತಳಕ್ಕೆ ಪೇಸ್ಟ್ ಹಚ್ಚಿಯೇ ಕಳಿಸುತ್ತಾರೆ, ಮೇಲೆ ಇನ್ನಷ್ಟು ಮೆತ್ತಬೇಡಿ. ಬೇರೆ ಕೂಲರ್ ಹಾಕುವವರು ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ನಡುವಿಗೆ ಬಟಾಣಿ ಕಾಳಿನಷ್ಟು ಹೊಸದು ಹಾಕಿದರೆ ಸಾಕು. ಮೆಡಿಕಲ್ ಶಾಪಿನ 70 ಶೇಕಡದ್ದರಲ್ಲಿ ನೀರು ಹೆಚ್ಚು, 99ರದ್ದು ತನ್ನಿ.

ಚಿಪ್ಪಿನ ಮೂಲೆಯ ಚಿನ್ನದ ತ್ರಿಕೋನ, ಸಾಕೆಟ್‌ನ ತ್ರಿಕೋನ ಎದುರುಬದುರು ಬರಬೇಕು. ಸನ್ನೆ ಪೂರ್ತಿ ಎತ್ತಿ ಚಿಪ್ಪನ್ನು ಇಟ್ಟರೆ ತನ್ನ ಭಾರಕ್ಕೇ ಜಾರಿ ಕೂರುತ್ತದೆ. ಒತ್ತಬೇಕು ಅನ್ನಿಸಿದರೆ ಎಲ್ಲೋ ಪಿನ್ ಬಾಗಿದೆ, ನಿಲ್ಲಿಸಿ ಬೆಳಕಿಗೆ ಹಿಡಿದು ಸಾಲುಸಾಲಾಗಿ ನೋಡಿ. ಒಂದೆರಡು ಪಿನ್ ವಾಲಿದ್ದರೆ ಕಡ್ಡಿ ತೆಗೆದ 0.7 ಮಿಲಿಮೀಟರ್‌ನ ಮೆಕ್ಯಾನಿಕಲ್ ಪೆನ್ಸಿಲ್‌ನ ಮೂತಿಯನ್ನು ಪಿನ್‌ಗೆ ತೊಡಿಸಿ ನಿಧಾನಕ್ಕೆ ನಿಲ್ಲಿಸಬಹುದು. ಕೂಲರ್ ಸ್ಕ್ರೂಗಳನ್ನು ಕರ್ಣದ ದಿಕ್ಕಿನಲ್ಲಿ, ಒಂದೊಂದಕ್ಕೆ ಎರಡೆರಡು ಸುತ್ತಿನಂತೆ ಬಿಗಿಯುತ್ತ ಬನ್ನಿ. ಒಂದೇ ಮೂಲೆಯನ್ನು ಮೊದಲೇ ಪೂರ್ತಿ ಬಿಗಿದರೆ ಎದುರು ಮೂಲೆಯಲ್ಲಿ ಸಂದು ಉಳಿಯುತ್ತದೆ. ವಿಂಡೋಸ್ ತೆರೆಯುವ ಮುನ್ನವೇ ಉಷ್ಣತೆ 90 ಮುಟ್ಟಿದರೆ ಕಾರಣ ಅದೇ. ಫ್ಯಾನಿನ ವೈರ್ "ಸಿಪಿಯು ಫ್ಯಾನ್" ಎಂದು ಬರೆದ ತಾಣಕ್ಕೇ ಹೋಗಲಿ, ಬೇರೆ ಕಡೆ ಹಾಕಿದರೆ ಪ್ರತಿ ಸಲ ಫ್ಯಾನ್ ಎರರ್ ತೋರಿಸಿ ಎಫ್1 ಒತ್ತಿ ಎನ್ನುತ್ತದೆ.

ಪರದೆ ಕಪ್ಪಗಿದ್ದರೆ ಬೋರ್ಡಿನ ದೀಪ ಓದಿ

ಮೊದಲ ಸಲ ಆನ್ ಮಾಡಿದಾಗ ಯಂತ್ರ ತಾನೇ ಎರಡು ಮೂರು ಸಲ ಆರಿ ಹೊತ್ತಿಕೊಳ್ಳುವುದು ಸಹಜ. ಹೊಸ ಚಿಪ್ಪಿನೊಳಗಿನ ಮೆಮೊರಿ ಕಂಟ್ರೋಲರ್ ರ‍್ಯಾಮ್ ಜೊತೆ ಹೊಂದಾಣಿಕೆ ಮಾಡಿಕೊಳ್ಳುವ ಸಮಯ ಅದು. ಮೂರು ನಿಮಿಷ ಗಡಿಯಾರ ನೋಡಿಕೊಂಡು ಕಾಯಿರಿ. ಮೂವತ್ತು ಸೆಕೆಂಡಿಗೇ ಪವರ್ ಬಟನ್ ಹಿಡಿದು ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ.

ಮೂರು ನಿಮಿಷದ ಮೇಲೂ ಕಪ್ಪು ಪರದೆಯೇ ಇದ್ದರೆ ಬೋರ್ಡಿನ ಅಂಚಿನಲ್ಲಿರುವ ನಾಲ್ಕು ಪುಟ್ಟ ದೀಪ ನೋಡಿ. ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಪಕ್ಕದಲ್ಲಿ ಬರೆದಿರುತ್ತದೆ. ಪರೀಕ್ಷೆ ಅದೇ ಕ್ರಮದಲ್ಲಿ ಸಾಗುತ್ತದೆ, ಎಲ್ಲಿ ದೀಪ ನಿಂತಿತೋ ಅದಕ್ಕಿಂತ ಹಿಂದಿನದೆಲ್ಲ ಪಾಸ್. ಇದು ಬಹಳ ದೊಡ್ಡ ಸುಳಿವು. ದೀಪವಿಲ್ಲದ ಅಗ್ಗದ ಬೋರ್ಡಾದರೆ ಸ್ಪೇರ್ ಪಾರ್ಟ್ ಅಂಗಡಿಯಲ್ಲಿ ಸಿಗುವ ಪುಟ್ಟ ಸ್ಪೀಕರ್ ಹಾಕಿ ಬೀಪ್ ಎಣಿಸಬೇಕಾಗುತ್ತದೆ.

ಸಿಪಿಯು ದೀಪದಲ್ಲೇ ನಿಂತರೆ ಮೊದಲ ಅನುಮಾನ ಬಯಾಸ್ ಮೇಲೆ. ಎರಡನೆಯದು ಬೋರ್ಡಿನ ಮೇಲ್ಮೂಲೆಯ 8 ಪಿನ್ ಪವರ್ ಕನೆಕ್ಟರ್, ಕೂಲರ್ ತೆಗೆಯುವಾಗ ಕೈತಾಗಿ ಸಡಿಲವಾಗಿರುತ್ತದೆ. ಮೂರನೆಯದು ಪಿನ್. ಹಳೆಯ ಚಿಪ್ ಆಗಲೇ ಮಾರಿಬಿಟ್ಟಿದ್ದೀರಿ, ಬಯಾಸ್ ಹಳೆಯದು ಎನ್ನುವ ಸಂಕಟವಾದರೆ ಬೋರ್ಡಿನ ಹಿಂಬದಿಯಲ್ಲಿ ಫ್ಲ್ಯಾಶ್ ಬಯಾಸ್ ಬಟನ್ ಇದೆಯೇ ನೋಡಿ. ಟೊಮಾಹಾಕ್‌ನಂಥವುಗಳಲ್ಲಿ ಇದೆ, ಚಿಪ್ ಇಲ್ಲದೆಯೂ ಬಯಾಸ್ ಹಾಕಬಹುದು. ಆದರೆ ಪೆನ್‌ಡ್ರೈವ್ ಗುರುತು ಮಾಡಿದ ಆ ಒಂದೇ ಯುಎಸ್‌ಬಿ ಕಿಂಡಿಗೆ ಹೋಗಬೇಕು, ಕಡತದ ಹೆಸರು ಕೈಪಿಡಿಯಲ್ಲಿ ಹೇಳಿದ ಹಾಗೇ ಇರಬೇಕು. ಬಟನ್ನೂ ಇಲ್ಲದಿದ್ದರೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೆಯ ಚಿಪ್ ಹಾಕಿ ಅಥವಾ ಪ್ರೋಗ್ರಾಮರ್ ಕ್ಲಿಪ್ ಹಚ್ಚಿ ಬಯಾಸ್ ಬರೆದುಕೊಡುವವರನ್ನು ಹುಡುಕುವುದೊಂದೇ ದಾರಿ.

ಡಿರ‍್ಯಾಮ್ ದೀಪಕ್ಕೆ ಮದ್ದು ಹೀಗೆ. ಎಲ್ಲ ರ‍್ಯಾಮ್ ಕಿತ್ತು ಒಂದನ್ನು ಮಾತ್ರ ಎ2 ಸ್ಲಾಟಿಗೆ, ಅಂದರೆ ಚಿಪ್ಪಿನ ಕಡೆಯಿಂದ ಎಣಿಸಿದರೆ ಎರಡನೆಯದಕ್ಕೆ, ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ. ನಂತರ ಸಿಮಾಸ್ (ಬಯಾಸ್ ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಜಾಗ) ಅಳಿಸಿ: ವೈರ್ ಕಿತ್ತು, ಪವರ್ ಬಟನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದು, ಬೋರ್ಡಿನ ಕ್ಲಿಯರ್ ಸಿಮಾಸ್ ಪಿನ್ ಎರಡನ್ನೂ ಸ್ಕ್ರೂಡ್ರೈವರ್ ಮೊನೆಯಿಂದ ಹತ್ತು ಸೆಕೆಂಡ್ ಮುಟ್ಟಿಸಿ. ಪಿನ್ ಕಾಣದಿದ್ದರೆ ಸಿಆರ್2032 ಬಿಲ್ಲೆಯನ್ನು ಐದು ನಿಮಿಷ ತೆಗೆದಿಡಿ. ಒಂದರಲ್ಲಿ ಎದ್ದರೆ ಎರಡನೆಯದನ್ನು ಬಿ2ಗೆ, ಅಂದರೆ ನಾಲ್ಕನೆಯದಕ್ಕೆ. ಯಾವ ರ‍್ಯಾಮ್ ಹಾಕಿದರೂ ಒಂದು ಚಾನೆಲ್ ಮಾತ್ರ ಏಳುವುದೇ ಇಲ್ಲ, ಅಥವಾ 16 ಜಿಬಿಯಲ್ಲಿ 8 ಮಾತ್ರ ಕಾಣುತ್ತದೆ ಎಂದರೆ ರ‍್ಯಾಮ್ ಕೊಳ್ಳಲು ಓಡಬೇಡಿ. ಬಾಗಿದ ಅಥವಾ ಮುರಿದ ಪಿನ್‌ನ, ಇಲ್ಲವೇ ಸಾಕೆಟ್ ರಂಧ್ರಕ್ಕೆ ಇಳಿದ ಪೇಸ್ಟಿನ ಲಕ್ಷಣ ಅದು. ಕೂಲರನ್ನು ಒಂದು ಕಡೆ ಅತಿಯಾಗಿ ಬಿಗಿದರೂ ಹೀಗಾಗುತ್ತದೆ, ಸ್ವಲ್ಪ ಸಡಿಲಿಸಿ ನೋಡುವುದಕ್ಕೆ ಖರ್ಚಿಲ್ಲ.

ವಿಜಿಎ ದೀಪದ ಬಗ್ಗೆ ಹೇಳಿಯಾಗಿದೆ: ಕೇಬಲ್ ಎಲ್ಲಿದೆ, ಕಾರ್ಡಿನ ಪವರ್ ವೈರ್ ಕೂತಿದೆಯೇ. ಅಷ್ಟೇ.

ಬೂಟ್ ದೀಪವೆಂದರೆ ಹಾರ್ಡ್‌ವೇರ್ ಗೆದ್ದಿದೆ, ವಿಂಡೋಸ್ ಸಿಗುತ್ತಿಲ್ಲ. ಬಯಾಸ್ ಅಪ್‌ಡೇಟ್ ಆದಾಗ ಬೂಟ್ ಕ್ರಮ ಅಳಿಸಿದೆ ಅಥವಾ ಸಿಎಸ್ಎಂ (ಹಳೆಯ ಮಾದರಿಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಆಗಿದೆ. ಹಳೆಯ ಎಂಬಿಆರ್ ಮಾದರಿಯ ಡಿಸ್ಕ್ ಸಿಎಸ್ಎಂ ಇಲ್ಲದೆ ಏಳುವುದಿಲ್ಲ. ಸದ್ಯಕ್ಕೆ ಸಿಎಸ್ಎಂ ಆನ್ ಮಾಡಿ ಒಳಹೊಕ್ಕು, ಬ್ಯಾಕಪ್ ತೆಗೆದು, ವಿಂಡೋಸ್ ಒಳಗೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಡಿಸ್ಕನ್ನು ಬದಲಿಸಿ, ಆಮೇಲೆ ಸಿಎಸ್ಎಂ ಆಫ್ ಮಾಡಿ. ಡೇಟಾ ಅಳಿಯದೆ ಆಗುವ ಕೆಲಸವೇ, ಆದರೂ ಬ್ಯಾಕಪ್ ಬಿಡಬೇಡಿ. ವಿಂಡೋಸನ್ನು ಹೊಸದಾಗಿ ಹಾಕುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಬೋರ್ಡ್ ಅದೇ ಇರುವುದರಿಂದ ಆ್ಯಕ್ಟಿವೇಶನ್ ಕೂಡ ಉಳಿಯುತ್ತದೆ. ಎಎಂಡಿಯ ಹೊಸ ಚಿಪ್‌ಸೆಟ್ ಡ್ರೈವರ್ ಹಾಕಿಕೊಂಡರೆ ಸಾಕು.

ಈ ನಾಲ್ಕು ದೀಪಗಳ ಆಚೆ ಇನ್ನೊಂದು ಕ್ಷಣವಿದೆ, ಬಹಳ ಜನ ಎಡವುವುದು ಅಲ್ಲೇ. ಕಪ್ಪು ಪರದೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ, ಹೊಸ ಸಿಪಿಯು ಹಾಕಲಾಗಿದೆ, ಎಫ್‌ಟಿಪಿಎಂ ಹಾಳಾಗಿದೆ ಅಥವಾ ಬದಲಾಗಿದೆ, ರೀಸೆಟ್ ಮಾಡಲು ವೈ, ಬೇಡವಾದರೆ ಎನ್ ಒತ್ತಿ ಎಂದು ಬರುತ್ತದೆ. "ಹಾಳಾಗಿದೆ" ಎಂಬ ಪದ ನೋಡಿಯೇ ಎದೆ ಧಸಕ್ ಅನ್ನುತ್ತದೆ. ಹಾಳೇನೂ ಆಗಿಲ್ಲ. ಹಳೆಯ ಚಿಪ್ಪಿಗೆ ಬೆಸೆದಿದ್ದ ಗುಪ್ತ ಕೀಲಿಗಳು ಹೊಸ ಚಿಪ್ಪಿಗೆ ಅರ್ಥವಾಗುತ್ತಿಲ್ಲ, ಅಷ್ಟೇ. ಬಿಟ್‌ಲಾಕರ್ ಸಸ್ಪೆಂಡ್ ಮಾಡಿದ್ದರೆ ಅಥವಾ ರಿಕವರಿ ಕೀ ಕೈಯಲ್ಲಿದ್ದರೆ ವೈ ಒತ್ತಿ. ಎರಡೂ ಇಲ್ಲದಿದ್ದರೆ ಎನ್ ಒತ್ತಿ, ಯಂತ್ರ ಆಫ್ ಮಾಡಿ, ಹಳೆಯ ಚಿಪ್ ವಾಪಸ್ ಹಾಕಿ ಕೀ ತೆಗೆದುಕೊಳ್ಳಿ. ಕೀ ಇಲ್ಲದೆ ವೈ ಒತ್ತಿದರೆ ಡ್ರೈವಿನೊಳಗಿನ ಮದುವೆ ಫೋಟೋಗಳ ಮೇಲೆ ನಿಮಗೇ ಹಕ್ಕಿಲ್ಲದಂತಾಗಬಹುದು. ವೈ ಒತ್ತಿದ ಮೇಲೆ ವಿಂಡೋಸ್‌ಗೆ ಒಳಬರುವ ಪಿನ್ ಸಂಖ್ಯೆ ಕೆಲಸ ಮಾಡುವುದಿಲ್ಲ, ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಅದನ್ನು ನೆನಪಿಟ್ಟುಕೊಂಡೇ ಕೆಲಸಕ್ಕೆ ಕೂರಿ.

ಎದ್ದ ಮೇಲಿನ ದೂರುಗಳು

"ಹೊಸ ಚಿಪ್ ಹಾಕಿದ ಮೇಲೆ ನಿಧಾನವಾಯಿತು." ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟದಲ್ಲಿ ವೇಗ ನೋಡಿ. 2133 ಅಥವಾ 2400 ಇದ್ದರೆ ಬಯಾಸ್ ಅಪ್‌ಡೇಟ್ ಎಕ್ಸ್‌ಎಂಪಿಯನ್ನು (ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿದೆ. 3200ರ ರ‍್ಯಾಮ್ 2133ರಲ್ಲಿ ತೆವಳುತ್ತಿದೆ. ಫ್ಲ್ಯಾಶ್ ಮುನ್ನ ತೆಗೆದ ಫೋಟೋ ಈಗ ಬೇಕು. ಎಕ್ಸ್‌ಎಂಪಿ ಹಾಕಿದರೆ ಏಳುತ್ತಿಲ್ಲವೆಂದರೆ, ಅದರಲ್ಲೂ ಬೇರೆ ಬೇರೆ ಕಾಲದಲ್ಲಿ ಕೊಂಡ ನಾಲ್ಕು ರ‍್ಯಾಮ್ ಇದ್ದರೆ, 3000 ಅಥವಾ 2933ಕ್ಕೆ ಇಳಿಸಿ, ವೋಲ್ಟೇಜ್ 1.35 ಎಂದು ಕೈಯಲ್ಲೇ ಬರೆಯಿರಿ. ಆಮೇಲೆ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಲಿ, ರಾತ್ರಿ ಮಲಗುವಾಗ ಹಚ್ಚಿಟ್ಟರಾಯಿತು. ಒಂದೇ ಒಂದು ತಪ್ಪು ಬಂದರೂ ಅದು ಫೇಲ್. ಒಂದು ತಾನೇ ಎಂದು ಬಿಡುವಂತಿಲ್ಲ.

"ವ್ಯಾಲೊರಂಟ್ ತೆರೆಯುತ್ತಿಲ್ಲ", ವ್ಯಾನ್ 9001 ಅಥವಾ 9003 ಎನ್ನುತ್ತಿದೆ. ವಿಂಡೋಸ್ 11ರಲ್ಲಿ ಆ ಗೇಮಿಗೆ ಎಫ್‌ಟಿಪಿಎಂ, ಸೆಕ್ಯೂರ್ ಬೂಟ್ ಎರಡೂ ಬೇಕು, ಬಯಾಸ್ ಅಪ್‌ಡೇಟ್ ಅವನ್ನು ಆಫ್ ಮಾಡಿದೆ. ವರ್ಚುವಲ್ ಮೆಷಿನ್, ಆ್ಯಂಡ್ರಾಯ್ಡ್ ಎಮ್ಯುಲೇಟರ್ ಏಳದಿದ್ದರೆ ಬಯಾಸ್‌ನಲ್ಲಿ ಎಸ್‌ವಿಎಂ ಎಂಬುದನ್ನು ಆನ್ ಮಾಡಿ. ಮೂರೂ ಚಿಪ್ಪಿನ ತಪ್ಪಲ್ಲ.

"ಫ್ಯಾನ್ ಸುಮ್ಮಸುಮ್ಮನೆ ಅರಚುತ್ತದೆ." 5600ರ ಬಗ್ಗೆ ಇದೊಂದು ನಿಜವಾದ ತಕರಾರು. ಬ್ರೌಸರ್ ತೆರೆದರೂ ಒಂದು ಕೋರ್ ಕ್ಷಣಕಾಲ 4.4ಕ್ಕೆ ಹಾರುತ್ತದೆ, ಉಷ್ಣತೆ ಹತ್ತು ಹದಿನೈದು ಡಿಗ್ರಿ ಜಿಗಿದು ಇಳಿಯುತ್ತದೆ, ಸ್ಟೆಲ್ತ್‌ನ ಪುಟ್ಟ ಫ್ಯಾನ್ ಅದರ ಹಿಂದೆಯೇ ಓಡುತ್ತದೆ. ಬಯಾಸ್‌ನ ಫ್ಯಾನ್ ಪುಟದಲ್ಲಿ ಸ್ಟೆಪ್ ಅಪ್ ಸಮಯವನ್ನು ಹೆಚ್ಚಿಸಿ, 60 ಡಿಗ್ರಿಯವರೆಗೆ ವೇಗ ಒಂದೇ ಇರುವಂತೆ ಗೆರೆ ಎಳೆಯಿರಿ. ಗದ್ದಲ ಅರ್ಧಕ್ಕಿಳಿಯುತ್ತದೆ. ರೆಂಡರಿಂಗ್‌ನಂಥ ಭಾರೀ ಕೆಲಸಕ್ಕೆ ಸ್ಟೆಲ್ತ್ ಬಡವ. ಚಿಪ್ಪಿನ ಗರಿಷ್ಠ ಮಿತಿ 90 ಡಿಗ್ರಿ, ಬೇಸಿಗೆಯಲ್ಲಿ ಫ್ಯಾನ್ ಗಾಳಿಯೂ ಬಿಸಿಯಿರುವ ರಾಯಚೂರು, ಕಲಬುರಗಿ ಕಡೆಯ ಕೋಣೆಯಲ್ಲಿ ಅದರ ಹತ್ತಿರಕ್ಕೆ ಹೋಗುತ್ತದೆ. ಒಂದೇ ಗೋಪುರದ ಸಾಧಾರಣ ಏರ್ ಕೂಲರ್ ಸಾಕು, ನೀರಿನ ಕೂಲರ್ ಈ ಚಿಪ್ಪಿಗೆ ಆಡಂಬರ.

ಕಷ್ಟದ ದೂರು ಒಂದೇ: ಆಗಾಗ ತಾನೇ ರೀಸ್ಟಾರ್ಟ್ ಆಗುವುದು. ವಿಂಡೋಸ್ ತನ್ನ ದೋಷಗಳನ್ನು ದಾಖಲಿಸುವ ಈವೆಂಟ್ ವ್ಯೂವರ್‌ನಲ್ಲಿ ಕೆಂಪಾಗಿ ಕಾಣುವ ಕರ್ನಲ್-ಪವರ್ 41 ಅಡ್ಡಗೋಡೆ ಮೇಲೆ ದೀಪ ಇಟ್ಟಂತೆ. ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಅದನ್ನು ನೋಡಿ ಪವರ್ ಸಪ್ಲೈ ಬದಲಿಸುವವರಿದ್ದಾರೆ. 5600 ಪೂರ್ತಿ ಭಾರದಲ್ಲೂ ಎಳೆಯುವುದು ಸುಮಾರು 76 ವ್ಯಾಟ್, 2600ಕ್ಕಿಂತ ಹೆಚ್ಚೇನಲ್ಲ. ಜೊತೆಗೆ ಕಾರ್ಡನ್ನೂ ದೊಡ್ಡದು ಹಾಕಿದ್ದರೆ ಮಾತ್ರ ಪವರ್ ಸಪ್ಲೈ ಮೇಲೆ ಕಣ್ಣಿಡಿ. ನಿಜವಾದ ಸುಳಿವು ಅದೇ ಪಟ್ಟಿಯ ವಿಯಾ-ಲಾಗರ್ (WHEA-Logger) 18ರಲ್ಲಿರುತ್ತದೆ. ಅದರೊಳಗೆ ಪ್ರಾಸೆಸರ್ ಎಪಿಐಸಿ ಐಡಿ ಎಂಬ ಸಂಖ್ಯೆ ಇದೆ. ನಾಲ್ಕೈದು ಸಲದ್ದನ್ನು ಬರೆದಿಡಿ. ಸಂಖ್ಯೆ ಪ್ರತಿ ಸಲ ಬೇರೆ ಬೇರೆಯಾದರೆ ಎಕ್ಸ್‌ಎಂಪಿ ಆಫ್ ಮಾಡಿ ಎರಡು ದಿನ ನೋಡಿ, ರ‍್ಯಾಮ್ ಕಡೆಯ ತೊಂದರೆಯಿರಬಹುದು. ಸುಮ್ಮನೆ ಕೂತಿದ್ದಾಗ ಮಾತ್ರ ರೀಸ್ಟಾರ್ಟ್ ಆಗುತ್ತಿದ್ದರೆ ಬಯಾಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಹುಡುಕಿ ಟಿಪಿಕಲ್ ಕರೆಂಟ್ ಐಡಲ್ ಎಂದು ಇಡಿ. ಹಳೆಯ ಕೆಲವು ಪವರ್ ಸಪ್ಲೈಗಳಿಗೆ ತೀರಾ ಕಡಿಮೆ ಹೊರೆಯನ್ನು ತಡೆಯಲಾಗುವುದಿಲ್ಲ. ಚಿಪ್ಪಿನ ವೋಲ್ಟೇಜ್ ತಗ್ಗಿಸುವ ಕರ್ವ್ ಆಪ್ಟಿಮೈಸರ್‌ನಲ್ಲಿ ಯಾರೋ ಹೇಳಿದರೆಂದು ಮೈನಸ್ 30 ಹಾಕಿದ್ದರೆ ಮೊದಲು ಸೊನ್ನೆಗೆ ತನ್ನಿ. ಎಲ್ಲ ಸೆಟ್ಟಿಂಗ್ ಮೂಲಸ್ಥಿತಿಯಲ್ಲಿದ್ದು, ಎಕ್ಸ್‌ಎಂಪಿ ಆಫ್ ಆಗಿದ್ದು, ಆಗಲೂ ಅದೇ ಸಂಖ್ಯೆಯೇ ಮತ್ತೆ ಮತ್ತೆ ಬಂದರೆ, ಆಗ ಹೇಳಿ ಚಿಪ್ ಕೆಟ್ಟಿದೆ ಎಂದು.

ಹಾಗೆ ಹೇಳುವ ಹೊತ್ತಿಗೆ ನಿಮ್ಮ ಬಳಿ ಏನಿದೆ ಎನ್ನುವುದು ಕೊಂಡ ದಿನವೇ ತೀರ್ಮಾನವಾಗಿರುತ್ತದೆ. ಮೊಹರಿನ ಡಬ್ಬಿಯಲ್ಲಿ ಬಂದ 5600ಕ್ಕೆ ಎಎಂಡಿಯದೇ 3 ವರ್ಷದ ವಾರಂಟಿ. ಕೂಲರ್ ಇಲ್ಲದೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಬರುವ ಟ್ರೇ ಚಿಪ್ಪಿಗೆ ಆ ವಾರಂಟಿ ಇಲ್ಲ, ಮಾರಿದ ಅಂಗಡಿ ಎಷ್ಟು ಮಾತು ಕೊಟ್ಟಿತೋ ಅಷ್ಟೇ. ಎಸ್‌ಪಿ ರೋಡಿನಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬೆಲೆ ಅನುಮಾನ ಬರುವಷ್ಟು ಕಡಿಮೆಯಿದ್ದರೆ "ಟ್ರೇನಾ, ಬಾಕ್ಸಾ?" ಎಂದು ಮೊದಲು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬಾಗಿದ ಪಿನ್‌ಗೆ ಯಾರೂ ವಾರಂಟಿ ಕೊಡುವುದಿಲ್ಲ. ಅಂಗಡಿಯಲ್ಲೇ ಡಬ್ಬಿ ತೆರೆಸಿ, ಪಿನ್‌ಗಳ ಸಾಲನ್ನು ಎರಡು ಕೋನದಿಂದ ನೋಡಿ, ಒಂದು ಫೋಟೋ ಹೊಡೆದುಕೊಂಡೇ ಹಣ ಕೊಡಿ.

ಹಳೆಯ 2600ನ್ನು ಅದೇ ಸಂಜೆ ಮಾರಾಟಕ್ಕೆ ಹಾಕಬೇಡಿ. ಹೊಸ ಚಿಪ್ ಬಂದ ಪ್ಲಾಸ್ಟಿಕ್ ಗೂಡಿನಲ್ಲೇ ಪಿನ್ ಕೆಳಗಾಗಿ ಇಟ್ಟು, ಎರಡು ವಾರ ಬೀರುವಿನಲ್ಲಿರಲಿ. ಅನುಮಾನ ಬಂದ ದಿನ ಬೋರ್ಡಿನ ತಪ್ಪೋ ಚಿಪ್ಪಿನ ತಪ್ಪೋ ಎಂದು ಇಪ್ಪತ್ತು ನಿಮಿಷದಲ್ಲಿ ಹೇಳಬಲ್ಲ ಸಾಧನ ಮನೆಯಲ್ಲಿ ಅದೊಂದೇ.